ಚೇವ ಇರುವ ಕಂಬ

ನನ್ನ ಮೊಮ್ಮಗಳು ಚೈತ್ರಾಗೆ ಕಾಡು ಕಾಯುವ ಕೆಲಸ ಸಿಕ್ಕಿದೆ. ಫಾರೆಸ್ಟ್ ಗಾರ್ಡ್. ಇವತ್ತು ಬೆಳಿಗ್ಗೆ ನಾನು ಹಸುವಿನ ಕೆಚ್ಚಲು ತೊಳೆಯುತ್ತ ಕೂತಿದ್ದಾಗ ಫೋನು ಹಿಡಿದುಕೊಂಡು ಕೊಟ್ಟಿಗೆಗೇ ಓಡಿಬಂದಳು. ಫೋನನ್ನೇ ನನ್ನ ಮುಖಕ್ಕೆ ಹಿಡಿದಳು. ಕನ್ನಡಕ ಇಲ್ಲದ ನನಗೆ ಅದರಲ್ಲಿ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ.

“ನಂಗೆಲ್ಲಿ ಕಾಣ್ತೈತೆ, ಓದಿ ಏಳು,” ಅಂದೆ.

“ಆರ್ಡರ್ ಬಂತಜ್ಜಿ. ಕಾಡು ಕಾಯಾಕೆ ಓಗ್ತೀನಿ.”

ಹಾಲು ಕರೆಯುವುದನ್ನೂ ಬಿಟ್ಟು ಎದ್ದೆ. ನಲ್ಲಿಯ ಹತ್ತಿರ ಇದ್ದವರಿಗೆ ಹೇಳಿದೆ, ಹಾಲಿನ ಡೇರಿಯಲ್ಲಿ ಹೇಳಿದೆ, ಸಕ್ಕರೆ ತರಲು ಹೋದ ಅಂಗಡಿಯಲ್ಲಿ ಹೇಳಿದೆ, ಕ್ಯಾಸಂಬಳ್ಳಿಯ ಬಸ್ಸು ನಿಂತಿತ್ತು, ಅದರ ಕಂಡಕ್ಟರಿಗೂ ಹೇಳಿದೆ. ಅವನು ಯಾರೋ ಏನೋ, ಪಾಪ, ಆಗಲಿ ತಾಯಿ ಅಂದ. ಮಧ್ಯಾಹ್ನದ ಹೊತ್ತಿಗೆ ಕಾಲು ಊದಿಕೊಂಡವು. ಸಂತೋಷವನ್ನು ಹೊತ್ತು ತಿರುಗುವುದಕ್ಕೂ ಮೈಯಲ್ಲಿ ಕಸುವು ಬೇಕು. ನನ್ನದು ಮುಗಿಯುತ್ತ ಬಂದಿದೆ. ಹಿತ್ತಿಲ ಬಾಗಿಲಲ್ಲಿ ಗೋಡೆಗೆ ಒರಗಿ ಕೂತು, ಅಲ್ಲಿಂದಲೇ ಹೋಗಿಬರುವವರನ್ನು ಕೂಗಿ ಹೇಳುತ್ತಿದ್ದೆ. ನಮ್ಮ ಯಜಮಾನರು ಬೀಡಿ ಹಚ್ಚುತ್ತ ನಕ್ಕರು.

“ನಿಮ್ ಮನೆತನದ ಕಸುಬು ಬುಡ್ಲಿಲ್ಲ ನೋಡು ನಾರಾಣಿ. ನೀನು ಬದ್ನೆಕಾಯಿ ಕಾದೆ. ಅವ್ಳು ಕಾಡು ಕಾಯ್ತಾಳೆ. ಅವ್ಳಿಗೆ ಸಂಬ್ಳ ಬತ್ತೈತೆ, ಅಷ್ಟೇ ವ್ಯತ್ಯಾಸ.”

ನಗಿಸುವುದಕ್ಕೆ ಅಂದ ಮಾತು, ನಾನೂ ನಕ್ಕೆ. ಆದರೆ ಆ ಮಾತು ಹೋಗಿ ಹಳೆಯ ಜಾಗದಲ್ಲೇ ಕೂತಿತು. ಕಾಯುವುದು ಅಂದರೆ ನೋಡಿಕೊಳ್ಳುವುದೂ ಹೌದು, ಯಾವಾಗ ಬಂದೀತು ಎಂದು ಕೂತಿರುವುದೂ ಹೌದು. ನಾನು ಎರಡನ್ನೂ ಒಂದೇ ಕಲ್ಲಿನ ಮೇಲೆ ಕೂತು ಮಾಡಿದವಳು. ಆ ಕಲ್ಲು ಈಗಲೂ ಹಿತ್ತಿಲಲ್ಲಿ ಬಟ್ಟೆ ಒಗೆಯುವುದಕ್ಕೆ ಇದೆ.

ಇದೇ ಮನೆ. ನಾನು ಹುಟ್ಟಿದ್ದೂ ಇಲ್ಲೇ. ನಮ್ಮ ಅಪ್ಪನಿಗೆ ಗಂಡು ಮಕ್ಕಳಿಲ್ಲದ್ದರಿಂದ ನನ್ನ ಗಂಡ ಮನೆಅಳಿಯನಾಗಿ ಬಂದರು, ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ. ಆಗ ಮಣ್ಣಿನ ಗೋಡೆ, ನಾಡಹೆಂಚು. ಮುಂದೆ ಜಗಲಿ, ನಡುವೆ ಒಂದು ಕೋಣೆ, ರಾಗಿ ತುಂಬಿದ ಮಣ್ಣಿನ ವಾಡೆಯೂ ನಾವೂ ಅದರಲ್ಲೇ. ಒಳಗೆ ತಲೆ ಬಗ್ಗಿಸಿ ಹೋಗಬೇಕಾದ ಅಡಿಗೆಮನೆ. ಅಡಿಗೆಮನೆಯ ಹಿಂದಿನ ಬಾಗಿಲು ತೆರೆದರೆ ತೋಟ, ತೋಟದ ಆ ತುದಿಗೆ ಬಾವಿ. ಮುಂಬಾಗಿಲು ಇದ್ದದ್ದು ನೆಂಟರಿಗೆ. ನಮ್ಮ ಬದುಕೆಲ್ಲ ಹಿಂಬಾಗಿಲಲ್ಲಿ. ಬದನೆ, ಹುರುಳಿಕಾಯಿ, ಮೂಲಂಗಿ, ದಂಟಿನ ಸೊಪ್ಪು, ಯಾವ ಕಾಲಕ್ಕೆ ಯಾವುದೋ ಅದು. ಅಮ್ಮ ಬುಟ್ಟಿ ಹೊತ್ತು ಕೋರಮಂಡಲ್ ಕಡೆ ಚಿನ್ನದ ಗಣಿ ಕೆಲಸದವರು ಇದ್ದ ಲೈನುಮನೆಗಳಿಗೆ ಹೋಗಿ, “ಕತ್ತರಿಕಾಯ್, ಮುಳ್ಳಂಗಿ” ಎಂದು ತಮಿಳಿನಲ್ಲಿ ಕೂಗಿ ಮಾರಿ, ಬಿಸಿಲು ಇಳಿಯುವ ಹೊತ್ತಿಗೆ ಬರುತ್ತಿದ್ದಳು. ನಮ್ಮ ಉಪ್ಪು, ಎಣ್ಣೆ, ಬಟ್ಟೆ ಎಲ್ಲ ಆ ಬುಟ್ಟಿಯಲ್ಲೇ ಬರಬೇಕು. ಆದ್ದರಿಂದ ಊಟಕ್ಕೆ ಕೂತರೂ ಹಿಂಬಾಗಿಲು ತೆರೆದೇ ಇರುತ್ತಿತ್ತು. ಒಬ್ಬರಾದರೂ ತೋಟದ ಕಡೆ ಮುಖ ಮಾಡಿ ಕೂರಬೇಕು, ಪಕ್ಕದಲ್ಲಿ ಕೋಲು ಇರಬೇಕು. ಊರಿನ ಎಮ್ಮೆಗಳಿಗೂ ಹಂದಿಗಳಿಗೂ ನಾವು ಊಟಕ್ಕೆ ಕೂರುವ ಹೊತ್ತು ಗೊತ್ತಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬೇಲಿ ಮಲಗಿತು. ಜಾಲಿ ಮುಳ್ಳು ಒಟ್ಟಿ, ನಡುನಡುವೆ ಹೊಂಗೆ ಗೂಟ ಹೊಡೆದ ಬೇಲಿ. ಗೂಟಗಳ ಬುಡವನ್ನು ಗೆದ್ದಲು ತಿಂದಿತ್ತು. ಪಕ್ಕದವರ ಎಮ್ಮೆ ಒಂದು ಸಲ ಮೈ ಉಜ್ಜಿದ್ದಕ್ಕೆ ಸಾಲಿಗೆ ಸಾಲೇ ಬಿದ್ದು, ಅಮ್ಮ ಲೈನಿನಿಂದ ಬರುವ ಹೊತ್ತಿಗೆ ಬದನೆ ಮಡಿಯಲ್ಲಿ ಕಡ್ಡಿ ಮಾತ್ರ ಇದ್ದವು. ಅಮ್ಮ ಅಳಲಿಲ್ಲ. ಖಾಲಿ ಬುಟ್ಟಿಯನ್ನು ಕವುಚಿ ಅದರ ಮೇಲೆ ಕೂತಳು. ಅಪ್ಪ ಕೂಲಿಗೆ ಹೋಗಬೇಕು, ಅಮ್ಮ ಲೈನಿಗೆ ಹೋಗಬೇಕು. ಮನೆಯಲ್ಲಿ ಉಳಿಯುವವಳು ಅಪ್ಪನ ತಾಯಿ. ಅವಳನ್ನು ನಾನು ಅವ್ವ ಅನ್ನುತ್ತಿದ್ದೆ. ಅವ್ವನ ಕಣ್ಣಿಗೆ ಪೊರೆ ಬಂದು, ಎಮ್ಮೆ ಬಂದರೂ ನೆರಳು ಬಂದಂತೆ ಕಾಣುತ್ತಿತ್ತು.

“ಬೇಲಿ ನಿಲ್ಲೋವರ್ಗೂ ಇವ್ಳು ಇರ್ಲಿ ಬುಡು,” ಅಂದಳು ಅಮ್ಮ. “ನಿಂತ ಮೇಲೆ ಇಸ್ಕೂಲ್ಗೆ ಓಗ್ಲಿ.”

ಬೇಲಿ ನಿಲ್ಲುವವರೆಗೂ. ಅದೇನು ಮಹಾ ಮಾತು ಅಂತ ಆವತ್ತು ನನಗೂ ಅನ್ನಿಸಲಿಲ್ಲ. ರಜೆ ಸಿಕ್ಕಿತೆಂದು ಕುಣಿದೆ. ಮಾರನೆಯ ದಿನದಿಂದ ಆ ಕಲ್ಲಿನ ಮೇಲೆ ಕೂತೆ. ನಮ್ಮ ಶಾಲೆಯಲ್ಲಿ ರೈಲು ಕಂಬಿಯ ತುಂಡು ನೇತುಹಾಕಿ ಬಡಿಯುತ್ತಿದ್ದರು. ಆ ಸದ್ದು ತೋಟಕ್ಕೆ ಚೆನ್ನಾಗಿ ಕೇಳುತ್ತಿತ್ತು. ಮೊದಲು ಅದು ಬರೀ ಗಂಟೆ. ದಿನ ಕಳೆದಂತೆ ಅದು ಬಡಿದಾಗಲೆಲ್ಲ ಕೋಲು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದೆ.

ಅಪ್ಪ ಸುಮ್ಮನೆ ಕೂತವನಲ್ಲ. ಬಂಗಾರಪೇಟೆಗೆ ಹೋಗಿ ಮುಳ್ಳುತಂತಿಯ ಸುರುಳಿ ಹೊತ್ತು ತಂದ. ಹೆಗಲೆಲ್ಲ ಗೀರಿಕೊಂಡು ಬಂದವನು ಅದನ್ನು ಅಂಗಳದಲ್ಲಿ ಇಳಿಸಿ, ಎಲ್ಲರೂ ನೋಡಲಿ ಎಂದು ನಿಂತ. ಅವ್ವ ಬಂದು ಕೈಯಿಂದ ತಡವಿ ನೋಡಿದಳು.

“ಒಡವೆ ತಂದೆ. ಕತ್ತು ಎಲ್ಲೈತ್ಲಾ?”

ತಂತಿಗೆ ಕಂಬ ಬೇಕಲ್ಲ. ಕಲ್ಲುಕಂಬ ನಮ್ಮ ಕೈಗೆ ಎಟುಕುತ್ತಿರಲಿಲ್ಲ, ಕಲ್ಲಿನ ಗಾಡಿ ನಮ್ಮ ಓಣಿಯೊಳಗೆ ತಿರುಗುತ್ತಲೂ ಇರಲಿಲ್ಲ. ಅಪ್ಪ ನೀಲಗಿರಿ ಕಂಬ ತಂದ. ನೆಟ್ಟಗೆ, ನುಣ್ಣಗೆ, ಒಂದೇ ಅಳತೆ. ನೆಟ್ಟ ದಿನ ನೋಡಲು ಎರಡು ಕಣ್ಣು ಸಾಲದು. ಅಮ್ಮ ನನ್ನ ಹಳೆಯ ಲಂಗದಲ್ಲಿ ಪುಸ್ತಕದ ಚೀಲ ಹೊಲಿದಳು. ತಂತಿ ಬಿಗಿದು ಮುಗಿಯಲಿ, ಕೆಳಗೆ ಹಂದಿ ನುಗ್ಗದಂತೆ ಮುಳ್ಳು ತುಂಬಲಿ, ಆಮೇಲೆ ಹೋಗು ಅಂದರು. ಕೂಲಿಯ ನಡುವೆ ಆ ಕೆಲಸ ಎಳೆದೂ ಎಳೆದೂ ಮುಗಿಯುವ ಹೊತ್ತಿಗೆ ಮಳೆಗಾಲ ಬಂದುಹೋಗಿತ್ತು. ಅವ್ವ ಒಂದು ಬೆಳಿಗ್ಗೆ ಕಂಬದಿಂದ ಕಂಬಕ್ಕೆ ಬೆರಳ ಗೆಣ್ಣಿನಿಂದ ಕುಟ್ಟುತ್ತ, ಕಿವಿ ಇಟ್ಟು ಕೇಳುತ್ತ ಹೋದಳು.

“ಚೇವ ಲೇದು,” ಅಂದಳು ತೆಲುಗಿನಲ್ಲಿ. “ಒಂದ್ರಾಗೂ ಇಲ್ಲ ಕಣ್ಲಾ.”

ಮರದ ನಡುವಿನ ಗಟ್ಟಿ ತಿರುಳಿಗೆ ನಮ್ಮ ಕಡೆ ಚೇವ ಅನ್ನುತ್ತಾರೆ. ಬುಸುಬುಸು ಬೆಳೆದ ಮರಕ್ಕೆ ಅದು ಇರುವುದಿಲ್ಲ, ನಿಧಾನವಾಗಿ ಬೆಳೆದದ್ದಕ್ಕೆ ಇರುತ್ತದೆ. ಮನುಷ್ಯರಿಗೂ ಅವ್ವ ಅದೇ ಮಾತು ಹೇಳುತ್ತಿದ್ದಳು. ಯಾರದಾದರೂ ಮದುವೆಯ ಮಾತು ಬಂದರೆ, ಹುಡುಗನಿಗೆ ಹೊಲ ಇದೆಯೇ ಅಂತ ಕೇಳುವ ಮೊದಲು ಚೇವ ಇದೆಯೇ ಅಂತ ಕೇಳುತ್ತಿದ್ದಳು. ಅಪ್ಪನಿಗೆ ಸಿಟ್ಟು ಬಂದು ಒಂದು ಕಂಬವನ್ನು ಕಾಲಿನಿಂದ ಒದ್ದ. ಅದು ನೆಲದ ಮಟ್ಟಕ್ಕೆ ಮುರಿದು ಬಿತ್ತು. ಮೇಲೆ ತೊಗಟೆ ಹಾಗೇ ಇತ್ತು, ಒಳಗೆಲ್ಲ ಗೆದ್ದಲಿನ ಮಣ್ಣು.

ಆಮೇಲೆ ಕೋರಮಂಡಲ್ ಮಾವನ ಸರದಿ. ಅಮ್ಮನ ಅಣ್ಣ. ಗಣಿಯ ಒಳಗೆ ಇಳಿದು ಕೆಲಸ ಮಾಡುವವನು. ಭಾನುವಾರ ಬಂದರೆ ಮುದ್ದೆ ಉಂಡು, ನಮ್ಮ ಕನ್ನಡದಲ್ಲಿ ಶುರುಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸಿ, ಜಗಲಿಯಲ್ಲಿ ಮಲಗುವವನು. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುತ್ತಾರಂತೆ. ಹಳೆಯದಾದರೆ ಮೇಲಕ್ಕೆ ತಂದು ಸೌದೆಗೆ ಮಾರುತ್ತಾರಂತೆ. ಇದನ್ನು ಹೇಳುವಾಗ ಅವನು ಎದ್ದು ಕೂತ.

“ಪಾರುಂಗೊ, ನೋಡಿ ಬಾವ. ಅಷ್ಟು ದೊಡ್ಡ ಬೆಟ್ಟಾನೇ ತಡ್ಕಂಡು ನಿಂತಿರೋ ಮರ ಅದು. ನಿಮ್ಮೂರ ಎಮ್ಮೇನ ತಡಿಯಲ್ವಾ?”

ಅಪ್ಪ ಮಾರನೆಯ ದಿನವೇ ಗಾಡಿ ಗೊತ್ತುಮಾಡಿದ. ಎತ್ತಿನ ಗಾಡಿಯಲ್ಲಿ ಆ ದಿಮ್ಮಿಗಳು ಬಂದಾಗ ಊರೇ ನೋಡಲು ಬಂತು. ಬೂದಿ ಬಣ್ಣ, ಮೇಲೆಲ್ಲ ಬಂಡೆಯ ಪುಡಿ, ಯಂತ್ರದ ಎಣ್ಣೆಯ ವಾಸನೆ. ಮಕ್ಕಳು ಅದರಲ್ಲಿ ಚಿನ್ನ ಅಂಟಿರಬಹುದೆಂದು ಉಗುರಿನಿಂದ ಕೆರೆದವು. ನೆಡುವ ದಿನ ದೊಡ್ಡ ಜಗಳವೇ ಆಯಿತು. ಮಾವ ಕಂಬದ ತಲೆಯನ್ನು ಕೆಳಕ್ಕೆ ಮಾಡಿ ನೆಡಬೇಕು ಅಂದ, ಹಾಗೆ ಮಾಡಿದರೆ ಮರ ನೀರು ಕುಡಿಯುವುದನ್ನು ಮರೆಯುತ್ತದಂತೆ. ಅವ್ವ ಸಿಟ್ಟಿಗೆ ಕುಣಿದುಬಿಟ್ಟಳು.

“ನಿನ್ನೇ ತಲೆಕೆಳಗಾಗಿ ಊಳ್ತೀನಿ, ಅನ್ನ ತಿನ್ನೋದು ಮರೀತೀಯಾ ನೋಡಾಣ.”

“ಅತ್ತೆ, ಮರಕ್ಕೆ ತಲೆ ಯಾವ್ದು ಬುಡ ಯಾವ್ದು ಅಂತ ಈಗ ಎಂಗೆ ಗೊತ್ತಾಗ್ತೈತೆ? ಎರಡೂ ಕಡೆ ಒಂದೇ ತರ ಕುಯ್ದವ್ರೆ.”

ಅದೂ ನಿಜವೇ. ಕೊನೆಗೆ ಹೇಗೆ ಬಂತೋ ಹಾಗೆ ನೆಟ್ಟರು. ನೆಡುವ ಮೊದಲು ಕೆಳತುದಿಯನ್ನು ಬೆಂಕಿಯಲ್ಲಿ ಕಪ್ಪಗಾಗುವಷ್ಟು ಸುಟ್ಟರು, ಗೆದ್ದಲು ಬರದಿರಲಿ ಎಂದು. ಮಾರನೆಯ ವಾರ ನಾನು ಶಾಲೆಗೆ ಹೋದೆ. ಲಂಗದ ಚೀಲ ನೇತುಹಾಕಿಕೊಂಡು. ಜೊತೆಯವರೆಲ್ಲ ಮುಂದಿನ ಕ್ಲಾಸಿಗೆ ಹೋಗಿದ್ದರು. ಆದರೂ ಹೋದೆ. ಒತ್ತಕ್ಷರ ಹೇಳಿಕೊಡುತ್ತಿದ್ದರು. ಬೇಸಿಗೆಯ ರಜೆ ಬಂತು, ಹೋಯಿತು. ಆ ಬಿಸಿಲಿಗೆ ಗಣಿಯ ಮರ ಉದ್ದುದ್ದ ಸೀಳಿತು. ಮೊದಲ ಮಳೆಗೆ ಸೀಳಿನೊಳಗೆ ನೀರು ಇಳಿದು ಉಬ್ಬಿ, ತಂತಿ ಹೊಡೆದ ಮೊಳೆಗಳೆಲ್ಲ ಸಡಿಲಾಗಿ ಉದುರಿದವು. ಒಂದು ಸಂಜೆ ಮಾವ ಬಂದು ನೋಡಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಸೀಳಿನೊಳಗೆ ಬೆರಳು ತೂರಿಸಿದ.

“ಗಣಿ ಒಳ್ಗೆ ಬಿಸ್ಲೂ ಇಲ್ಲ, ಮಳೇನೂ ಇಲ್ಲ ಬಾವ. ಅದುನ್ನ ನಾನು ಯೋಚ್ನೆ ಮಾಡ್ಲಿಲ್ಲ,” ಅಂದ.

ಮತ್ತೆ ನಾನು ಕಲ್ಲಿನ ಮೇಲೆ. ಯಾರೂ ನನ್ನನ್ನು ಕೂರು ಎಂದು ಹೇಳಲಿಲ್ಲ. ನಾನೇ ಹೋಗಿ ಕೂತೆ. ಚೀಲವನ್ನು ಅಮ್ಮ ಬೀಜದ ಬೆಳ್ಳುಳ್ಳಿ ಕಟ್ಟಿಡಲು ತೆಗೆದುಕೊಂಡಳು. ಆಗ ನನಗೆ ಒಂದು ಅಭ್ಯಾಸ ಬಿತ್ತು. ಕಂಬ ಸುಟ್ಟ ಇದ್ದಿಲು ತೋಟದ ಮೂಲೆಯಲ್ಲಿ ಬೇಕಾದಷ್ಟಿತ್ತು. ಒಂದೊಂದು ಕಂಬದ ಮೇಲೆ ಒಂದೊಂದು ಅಕ್ಷರ ಬರೆದೆ. ಬಾಗಿಲ ಹತ್ತಿರದ ಕಂಬಕ್ಕೆ ಅ, ಅಲ್ಲಿಂದ ಶುರು. ಬಾವಿಯ ಹತ್ತಿರ ಕ. ಮಳೆ ಬಂದು ತೊಳೆದರೆ ಮತ್ತೆ ಬರೆಯುತ್ತಿದ್ದೆ. ಎರಡು ಮೂರು ವರ್ಷದಲ್ಲಿ ಕಂಬಗಳು ಒಂದೊಂದಾಗಿ ಬಿದ್ದವು, ಅಪ್ಪ ಅವನ್ನು ಒಲೆಗೆ ಹಾಕಿದ, ಆ ಜಾಗದಲ್ಲಿ ಬರೆಯಲು ಏನೂ ಉಳಿಯಲಿಲ್ಲ. ಬರೆಯದೆ ಬಿಟ್ಟದ್ದು ಮರೆತುಹೋಯಿತು. ಝ ಹೇಗಿರುತ್ತದೆ, ಞ ಯಾವ ಕಡೆ ತಿರುಗುತ್ತದೆ, ತಿಳಿಯದಾಯಿತು. ಊರಿನ ಹುಡುಗಿಯರು ಶಾಲೆ ಬಿಟ್ಟು ಬರುವಾಗ ಬೇಲಿಯ ಆಚೆಯಿಂದ ಕೂಗುತ್ತಿದ್ದರು. ನಾನು ಎಮ್ಮೆ ಅಟ್ಟುವವಳಂತೆ ಆ ಕಡೆ ಓಡಿಬಿಡುತ್ತಿದ್ದೆ.

ಇಷ್ಟು ದಿನವೂ ಬಾವಿಯ ಮೇಲೆ ಕಪಿಲೆಯ ಮರ ನಿಂತೇ ಇತ್ತು. ನಮ್ಮ ತಾತನ ಕಾಲದ್ದು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದರೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರುವ ಕಪಿಲೆ. ಎರಡು ದಪ್ಪ ಕಂಬ, ಮೇಲೆ ಅಡ್ಡ ತೊಲೆ, ಬಾವಿಯ ಬಾಯಿಗೆ ಚಾಚಿದ ತೊಲೆಗಳು. ಕರೆಂಟಿನ ಮೋಟಾರು ಬಂದ ಮೇಲೆ ಎತ್ತು ಮಾರಿದೆವು, ಹಗ್ಗ ಜೀರ್ಣವಾಯಿತು, ಚೀಲವನ್ನು ನಾಯಿ ಎಳೆದುಕೊಂಡು ಹೋಯಿತು. ಮರ ಮಾತ್ರ ನಿಂತಿತ್ತು. ಸಂಕ್ರಾಂತಿಗೆ ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಎಳ್ಳುಬೆಲ್ಲ ಇಡುತ್ತಿದ್ದಳು. ತಾತ ಅಲ್ಲೇ ಎತ್ತು ಹೊಡೆಯುತ್ತ ಹಾಡುತ್ತಿದ್ದನಂತೆ, ಇವಳು ಕಾಲುವೆಯ ತುದಿಯಲ್ಲಿ ನಿಂತು ಮಡಿಗೆ ನೀರು ತಿರುಗಿಸುತ್ತಿದ್ದಳಂತೆ. ನೀಲಗಿರಿ ಕಂಬ ಬಿದ್ದಾಗಲೇ ಅಪ್ಪ ಒಂದು ಸಲ ಕೇಳಿದ್ದ.

“ಯಮ್ಮಾ, ಆ ಕಪಿಲೆ ಮರ ಸುಮ್ನೆ ನಿಂತೈತಲ್ಲ.”

“ಸುಮ್ನೆ ನಿಂತಿಲ್ಲ. ನಿಮ್ಮಪ್ಪನ್ನ ನಿಲ್ಲಿಸ್ಕಂಡೈತೆ. ಮುಟ್ಟಿದ್ರೆ ನನ್ನೂ ಜೊತೇಲೇ ಕಿತ್ತಾಕು.”

ಆವತ್ತು ಇಬ್ಬರೂ ಊಟ ಮಾಡಲಿಲ್ಲ. ಅಮ್ಮ ಇಬ್ಬರ ಮುದ್ದೆಯನ್ನೂ ಮುಚ್ಚಿಟ್ಟು ತಾನೂ ಉಣ್ಣದೆ ಮಲಗಿದಳು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಗಣಿಯ ಮರವೂ ಬಿದ್ದ ಮೇಲೆ, ಒಂದು ಮಧ್ಯಾಹ್ನ ಅವ್ವ ನನ್ನ ಪಕ್ಕಕ್ಕೆ ಬಂದು ಕೂತಳು. ಎಲೆಅಡಿಕೆ ಹಾಕಿಕೊಂಡಿದ್ದಳು. ಉಳಿದಿದ್ದ ಒಂದು ಕಂಬದ ಮೇಲೆ ನಾನು ಬರೆಯುತ್ತಿದ್ದೆ. ಇದ್ದಿಲು ಕೆರೆಯುವ ಸದ್ದು ಅವಳಿಗೆ ಕೇಳಿಸಿತು.

“ಏನದು ಕೆರೀತಿರೋದು?”

“ಅಕ್ಸರ.”

“ಎಲ್ಲಾ ಬತ್ತೈತಾ?”

“ಇಲ್ಲವ್ವ. ಅರ್ಧ ಮರ್ತೋಯ್ತು.”

“ಮತ್ತೆ ಬರಿಯೋದ್ಯಾಕೆ?”

“ಉಳಿದಿರೋದೂ ಓಗ್ಬಾರ್ದು ಅಂತ.”

ಅವ್ವ ಕೈ ಚಾಚಿ ಕಂಬ ತಡವಿದಳು, ಬೆರಳಿಗೆ ಹತ್ತಿದ ಮಸಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನ ತಲೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದಳು, ಕಂಬಕ್ಕೆ ಕುಟ್ಟಿದ ಹಾಗೇ. ನೋಯಿತು. ಏನು ಕೇಳಿಸಿತೋ ಅವಳಿಗೆ, ಎದ್ದು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಬಾವಿಯ ಹತ್ತಿರ ನಿಂತಿದ್ದಳು. ಕಪಿಲೆಯ ಎರಡೂ ಕಂಬಕ್ಕೆ ಅರಿಸಿನ ಬಳಿದಾಗಿತ್ತು. ಹಬ್ಬ ಯಾವುದೂ ಇರಲಿಲ್ಲ.

“ಆಚಾರಿನ ಕರ್ಕಂಬಾ,” ಅಂದಳು ಅಪ್ಪನಿಗೆ.

“ಯಾಕಮ್ಮಾ?”

“ಮರ ಐತೆ, ಕಂಬ ಆಗ್ಲಿ. ಮೊಮ್ಮಗ್ಳು ಯಾಕ್ಲಾ ಕಂಬ ಆಗ್ಬೇಕು?”

ಅಪ್ಪ ಹೋಗದೆ ಅರಿಸಿನ ಬಳಿದ ಕಂಬವನ್ನು ತಡವುತ್ತಿದ್ದ. ಅವ್ವನೇ ಗದರಿಸಿ ಕಳಿಸಿದಳು. ಮರ ಕೀಳುವಾಗ ಅಡಿಗೆಮನೆಯೊಳಗೆ ಹೋಗಿ ಕೂರುತ್ತಾಳೆ ಅಂದುಕೊಂಡಿದ್ದೆವು. ಹೋಗಲಿಲ್ಲ. ಹಗ್ಗದ ತುದಿ ತನ್ನ ಕೈಗೆ ಕೊಡಿ ಅಂದಳು. ಕೋರಮಂಡಲ್ ಮಾವನೂ ಬಂದಿದ್ದ. ಅವನು ಸುತ್ತ ಅಗೆದ. ಯಾವಾಗಲೂ ನೀರು ಚೆಲ್ಲಿ ಕೆಸರಾಗುತ್ತಿದ್ದ ಜಾಗ ಅದು, ಕಂಬದ ಬುಡ ಕೊಳೆತೇ ಇರುತ್ತದೆ ಎಂದು ಎಲ್ಲರಿಗೂ ಅನುಮಾನ. ಮೇಲೆ ಬಂದದ್ದು ಕಪ್ಪಗಿತ್ತು, ತಣ್ಣಗಿತ್ತು. ಅಪ್ಪ ಕುಡುಗೋಲಿನಿಂದ ಕೆರೆದ. ತೆಳ್ಳನೆಯ ಒಂದು ಪದರ ಹೋಗಿ, ಒಳಗೆ ಎಲೆಅಡಿಕೆ ಹಾಕಿದ ಬಾಯಿಯ ಹಾಗೆ ಕೆಂಪು. ಆಚಾರಿಯ ಉಳಿ ಜಾರಿತು. ಅವನು ಉಳಿಯನ್ನು ಮತ್ತೆ ಮಸೆದುಕೊಂಡು ಬಂದ.

“ಕಗ್ಗಲಿ ಅದು,” ಅಂದಳು ಅವ್ವ. “ನಾನು ತಿನ್ನೋ ಕಾಚು ಇದೇ ಮರದ್ದು. ಗೆದ್ಲು ಬಾಯಿ ಇಟ್ರೆ ಒಗರಿಗೆ ವಾಪಸ್ ಓಗ್ತೈತೆ. ನಂಗೂ ಕಚ್ಕಂಡಿರಾಕೆ ಬಾಯಾಗೆ ಅಲ್ಲು ಉಳಿದಿಲ್ಲ ಈಗ.”

ಮಾವ ನಗಲು ಹೋಗಿ, ಅವಳ ಕಣ್ಣಲ್ಲಿ ನೀರು ನೋಡಿ ಮತ್ತೆ ಗುದ್ದಲಿ ಎತ್ತಿಕೊಂಡ. ಸೀಳಿದ ಕಂಬಗಳು ಇಡೀ ಬೇಲಿಗೆ ಸಾಲಲಿಲ್ಲ. ಮೂಲೆಗಳಿಗೂ ಬಾಗಿಲಿಗೂ ಎಳೆತ ಬೀಳುವ ಕಡೆಗೂ ಅವನ್ನು ನೆಟ್ಟು, ನಡುವೆ ಜಾಲಿಯ ಗೂಟ ಹಾಕಿದರು. ಗೂಟ ಹೋದರೆ ಬದಲಿಸಬಹುದು, ಬೇಲಿ ಮಲಗುವುದಿಲ್ಲ. ಮೊಳೆ ಇಳಿಯದೆ ಬಾಗಿತು, ತೂತು ಕೊರೆದು ತಂತಿ ಪೋಣಿಸಬೇಕಾಯಿತು.

ನಾನು ಶಾಲೆಗೆ ಹೋದೆ. ನನ್ನ ಸೊಂಟದೆತ್ತರದ ಮಕ್ಕಳ ಜೊತೆ ಹಿಂದಿನ ಸಾಲಿನಲ್ಲಿ ಕೂತೆ. ಮೇಷ್ಟ್ರು ಅ ಬರಿ ಅಂದರೆ ಬರೆದೆ, ಝ ಬರಿ ಅಂದರೆ ತಲೆ ತಗ್ಗಿಸಿದೆ, ಆಮೇಲೆ ಅದೂ ಬಂತು. ಆ ವರ್ಷದಷ್ಟು ಖುಷಿಯಾಗಿ ನಾನು ಯಾವ ವರ್ಷವೂ ಇರಲಿಲ್ಲ. ಮುಂದಿನ ವರ್ಷ ನಾನು ದೊಡ್ಡವಳಾದೆ. ನಮ್ಮಲ್ಲಿ ಆಗ ದೊಡ್ಡವಳಾದ ಹುಡುಗಿಯನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ಬೇಲಿ ನಿಂತಿತು. ನನ್ನ ಓದೂ ನಿಂತಿತು. ಅವ್ವ ಮಾತ್ರ ಬಹಳ ದಿನ ಮಧ್ಯಾಹ್ನದ ಹೊತ್ತು ಕಪಿಲೆಯ ಕಂಬ ತಡವುತ್ತ ತೋಟ ಸುತ್ತಿ, ಬಾವಿಯ ಹತ್ತಿರ ಹೋಗಿ ಬರಿಜಾಗಕ್ಕೆ ಕೈ ಚಾಚುತ್ತಿದ್ದಳು. ನಾನು ಹೋಗಿ ಕೈ ಹಿಡಿದು ಕರೆತರುತ್ತಿದ್ದೆ. ಇವತ್ತು ನಾನು ಇದನ್ನು ಬರೆಯುತ್ತಿರುವುದು ಆ ಒಂದು ವರ್ಷದ ಅಕ್ಷರದಲ್ಲೇ. ತಪ್ಪಿದ್ದರೆ ಚೈತ್ರಾ ತಿದ್ದಿದ್ದಾಳೆ.

ಆ ಕಂಬಗಳು ಈಗಲೂ ಇವೆ. ಮನೆಯ ಗೋಡೆ ಬದಲಾಯಿತು, ಹೆಂಚು ಹೋಗಿ ಮೋಲ್ಡು ಬಂತು, ತಂತಿ ತುಕ್ಕು ಹಿಡಿದು ಬದಲಾಯಿತು. ಗಣಿಗೇ ಬೀಗ ಬಿತ್ತು. ಅಷ್ಟರೊಳಗೆ ಮಾವನೂ ಹೋದ. ಕಂಬಗಳು ಸೊಂಟದ ಹತ್ತಿರ ಸ್ವಲ್ಪ ಸವೆದಿವೆ, ಎಮ್ಮೆಗಳು ಉಜ್ಜಿ ಉಜ್ಜಿ. ಚೈತ್ರಾ ಕೆಲಸದ ಪರೀಕ್ಷೆಗೆ ಓಟ ಕಲಿತದ್ದು ಈ ಬೇಲಿಯ ಸುತ್ತಲೇ. ನಸುಕಿನಲ್ಲಿ ಅವಳು ಓಡುವುದು, ನಾನು ಆ ಕಲ್ಲಿನ ಮೇಲೆ ಕೂತು ಸುತ್ತು ಎಣಿಸುವುದು. ಎಣಿಕೆ ತಪ್ಪಿಹೋಗಿ ಒಂದೆರಡು ಸುತ್ತು ಹೆಚ್ಚೇ ಓಡಿಸಿದ್ದೇನೆ.

ಸಂಜೆ ಬಂಗಾರಪೇಟೆಯಿಂದ ಚೈತ್ರಾಳನ್ನು ಹೆತ್ತ ನನ್ನ ಮಗಳು ಮಂಜುಳ, ಅಳಿಯ ಇಬ್ಬರೂ ಬಂದರು. ಕೋಳಿ ಸಾರು, ಮುದ್ದೆ. ಒಳಗೆ ಸೆಕೆ ಎಂದು ಹಿತ್ತಿಲಲ್ಲೇ ಚಾಪೆ ಹಾಸಿ ಎಲ್ಲರೂ ಸುತ್ತ ಕೂತೆವು. ನಾನು ತಟ್ಟೆ ತೆಗೆದುಕೊಂಡು ಕೂತ ಮೇಲೆ ಚೈತ್ರಾ ನನ್ನನ್ನೇ ನೋಡುತ್ತಿದ್ದಳು.

“ಅಜ್ಜಿ, ನೀನ್ಯಾಕೆ ಯಾವಾಗ್ಲೂ ನಮ್ಗೆ ಬೆನ್ನು ಮಾಡ್ಕಂಡೇ ಉಣ್ತೀಯ?”

ಆಗ ಗೊತ್ತಾಯಿತು. ನನ್ನ ಮುಖ ತೋಟದ ಕಡೆ, ಬಲಗೈ ಪಕ್ಕದಲ್ಲಿ ಕೋಲು. ಮದುವೆಯ ದಿನ ಊಟಕ್ಕೂ ಹೀಗೇ ಕೂತಿದ್ದೆನೋ ಏನೋ.

“ಎಮ್ಮೆ ಬಂದ್ರೆ?” ಅಂದೆ.

“ಬರ್ಲಿ ಬುಡು. ಬೇಲಿ ಐತಲ್ಲ.”

“ಇನ್ಮೇಲೆ ಕಾಯಾಕೆ ಸರ್ಕಾರದೋರ್ನ ಇಟ್ಟವ್ರೆ, ನೀನು ರಿಟೈರಾಗು,” ಅಂದರು ನಮ್ಮ ಯಜಮಾನರು.

ಚೈತ್ರಾ ಎದ್ದು ಬಂದು ಕೋಲನ್ನು ತೆಗೆದು ಕಪಿಲೆಯ ಕಂಬಕ್ಕೆ ಒರಗಿಸಿಟ್ಟಳು. ತಟ್ಟೆಯ ಸಮೇತ ನನ್ನನ್ನು ಹಿಡಿದು ಈ ಕಡೆ ತಿರುಗಿಸಿ ಕೂರಿಸಿದಳು. ಮಂಡಿ ನೋಯುತ್ತಿತ್ತು, ಮೆಲ್ಲಗೆ ತಿರುಗಿದೆ. ಎಲ್ಲರ ಮುಖಗಳೂ ಎದುರಿಗೆ ಇದ್ದವು. ಅಳಿಯನಿಗೆ ಮುದ್ದೆ ಮುರಿಯಲು ಇನ್ನೂ ಸರಿಯಾಗಿ ಬರುವುದಿಲ್ಲ ಎಂಬುದನ್ನು ಇವತ್ತೇ ನೋಡಿದೆ. ಮಂಜುಳ ತನ್ನ ತಟ್ಟೆಯಲ್ಲಿದ್ದ ಕೋಳಿ ಈಲಿಯ ಮೆತ್ತನೆ ತುಂಡನ್ನು ಮಗಳ ತಟ್ಟೆಗೆ ಹಾಕಿದಳು.

ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ, ಬೇಲಿಯ ಕಡೆ, ಏನೋ ಮೈ ಉಜ್ಜಿದ ಸದ್ದಾಯಿತು. ತಂತಿ ಒಂದು ಸಲ ಕಿರ್ ಎಂದಿತು. ನಾನು ತಿರುಗಲಿಲ್ಲ.

“ಇನ್ನೊಂದು ಸ್ವಲ್ಪ ಸಾರು ಬುಡೇ,” ಅಂದೆ ಮಂಜುಳನಿಗೆ.